ಈರಪ್ಪ ಕಾಕಾನ ಉಪ್ಪಿನ ಕೈ

ಹುಬ್ಬಳ್ಳಿಯಲ್ಲಿ ಎದೆಯ ಆಪರೇಷನ್ ಮಾಡಿಸಿಕೊಂಡು ಈರಪ್ಪ ಕಾಕಾ ಹನುಮಸಾಗರಕ್ಕೆ ಬಂದ ಮರುದಿನ ಅವನ ಮನೆಯ ಪಡಸಾಲೆಯಲ್ಲಿ ನಾವು ನಾಲ್ಕು ಮಂದಿ ಇದ್ದೆವು. ಗೋಡೆಗೆ ದಿಂಬು ಕೊಟ್ಟು ಕೂತಿದ್ದ ಕಾಕಾ, ಒಳಬಾಗಿಲಲ್ಲಿ ಅವನ ಹೆಂಡತಿ ಗಂಗವ್ವ ಚಿಗವ್ವ, ಯಲಬುರ್ಗಾ ಕಡೆಯ ಮಂಗಳೂರಿನಿಂದ ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಬಂದಿದ್ದ ಅವನ ಅಕ್ಕ, ಮತ್ತು ದವಾಖಾನೆಯವರು ಕೊಟ್ಟ ಕಾಗದ ಓದಿ ಹೇಳಲೆಂದು ಕರೆಸಿಕೊಂಡಿದ್ದ ನಾನು, ಪಕ್ಕದ ಮನೆಯ ಸಾಲಿ ಮಾಸ್ತರ. ಎಣ್ಣೆ ಕಡಿಮೆ, ಕರಿದದ್ದು ಬೇಡ, ತುಪ್ಪ ಬೇಡ, ಹಪ್ಪಳ ಉಪ್ಪಿನಕಾಯಿ ಬೇಡ ಎಂದು ಓದುವ ತನಕ ಕಾಕಾ ತಲೆಯಾಡಿಸುತ್ತ ಕೇಳಿದ. ಅಕ್ಕ ತನ್ನ ಬುತ್ತಿಯ ಗಂಟನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದಳು. ದಿನಕ್ಕೆ ಅರ್ಧ ಚಮಚ ಉಪ್ಪು ಎಂದು ಓದಿದಾಗ ಕಾಕಾ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡಿದ.

"ಚಮಚ ಅಂದ್ರ ಎಷ್ಟ ಆಕೈತೋ ತಮ್ಮಾ?" ಎಂದ.

ಚೇಷ್ಟೆಗೆ ಕೇಳಿದ್ದಲ್ಲ. ಮೂವತ್ತು ವರ್ಷ ಮದುವೆ ಮನೆಗಳ ಅಡುಗೆ ಮಾಡಿದ ಆ ಮನುಷ್ಯ ಚಮಚವನ್ನು ಕೈಯಲ್ಲಿ ಹಿಡಿದವನೇ ಅಲ್ಲ.

ನಮ್ಮ ಕಡೆ ದೇವರಿಗೆ ಎಡೆ ಹಿಡಿಯುವ ತನಕ ಮದುವೆಯ ಅಡುಗೆಯನ್ನು ಯಾರೂ ಬಾಯಿಗೆ ಹಾಕುವಂತಿಲ್ಲ, ಅಡುಗೆಯವನೂ ಸೇರಿ. ಐದುನೂರು ಮಂದಿಯ ಸಾರು ಕುದಿಯುತ್ತಿರುತ್ತದೆ, ರುಚಿ ನೋಡುವ ಹಾಗಿಲ್ಲ. ಕಾಕಾ ಕೊಪ್ಪರಿಗೆಯ ಮೇಲೆ ಬಗ್ಗಿ ಹಬೆಯನ್ನು ಒಮ್ಮೆ ಮೂಗಿಗೆ ಎಳೆದುಕೊಂಡು, ಹರಳುಪ್ಪಿನ ಚೀಲಕ್ಕೆ ಕೈ ಇಳಿಸಿ, ಮುಷ್ಟಿ ತುಂಬಿ ತುಂಬಿ ಎರಚುತ್ತಿದ್ದ. ಕಡೆಯ ಮುಷ್ಟಿಯಲ್ಲಿ ನಾಲ್ಕು ಹರಳು ಹೆಚ್ಚಾದವೆಂದು ಅನಿಸಿದರೆ ಆ ನಾಲ್ಕನ್ನೂ ಚೀಲಕ್ಕೆ ಹಿಂದೆ ಹಾಕುತ್ತಿದ್ದ. ಅದು ಹೇಗೆ ತಿಳಿಯುತ್ತದೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ, ಕೈ ಹೇಳತೈತಿ. ಎಲೆಯ ತುದಿಗೆ ಉಪ್ಪು ಬಡಿಸಲು ಅವನು ಯಾರಿಗೂ ಬಿಡುತ್ತಿರಲಿಲ್ಲ. ಉಪ್ಪು ಬಡಿಸಿದರೆ ತಾನು ಅಡುಗೆ ಮುಗಿಸಿಲ್ಲ ಎಂದು ಡಂಗುರ ಸಾರಿದಂತೆ ಎನ್ನುತ್ತಿದ್ದ. ಹೊಗಳಿದರೂ ಅವನಿಗೆ ಸೇರುತ್ತಿರಲಿಲ್ಲ. "ಅಡಿಗಿ ಛಲೋ ಆದ್ರ ಮಂದಿ ಮದುಮಗಳ ಸುದ್ದಿ ಮಾತಾಡ್ತಾರ. ಕೆಟ್ರ ನನ್ನ ಸುದ್ದಿ ಮಾತಾಡ್ತಾರ. ನನ್ನ ಹೆಸರ ಬರಲಿಲ್ಲಂದ್ರ ಗೆದ್ದಂಗ" ಎಂಬುದು ಅವನ ಲೆಕ್ಕ.

ಇಂಥವನ ತಾಟಿಗೆ ಚಿಗವ್ವ ಉಪ್ಪಿಲ್ಲದ ಬೇಳೆ ಬಡಿಸಿದಾಗ ಅವನು, ಇದೇನು ಗೋಡೆ ತೊಳೆದ ನೀರೇ ಎಂದು ಕೇಳಿದನಂತೆ. ಚಿಗವ್ವ ಮಾತಿನಲ್ಲಿ ಅವನಿಗೆ ಕಡಿಮೆಯವಳಲ್ಲ. "ಗ್ವಾಡಿ ತೊಳದ ನೀರ ಕುಡದ ಇರ್ರಿ. ನಿಮ್ಮ ಸಾರ ಉಂಡ ಹೋಗಬ್ಯಾಡ್ರಿ" ಎಂದಳಂತೆ. ಒಂದು ವಾರ ಅವನು ಗೊಣಗುತ್ತ ಉಂಡ. ಎಂಟನೆಯ ದಿನ ಎದೆಯ ಹೊಲಿಗೆಗೆ ಕೈ ಒತ್ತಿಕೊಂಡು ತಾನೇ ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತ.

ಅಲ್ಲಿಂದ ಆ ಮನೆಯಲ್ಲಿ ಹೊಸ ಅಡುಗೆಯೇ ಶುರುವಾಯಿತು. ಪುಂಡಿಪಲ್ಯದಲ್ಲಿ ಹುಳಿ ತಾನಾಗಿಯೇ ಇರುತ್ತದೆ, ಅದು ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ ಎಂದು ಕಂಡುಹಿಡಿದ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿಯದೆ ಕೆಂಡದಲ್ಲಿ ಸುಟ್ಟು ಹೆಸರುಬೇಳೆಗೆ ಹಿಸುಕಿಸಿದ. ಅಗಸಿ ಬೀಜವನ್ನು ಬರೀ ಹಂಚಿನಲ್ಲಿ ಚಟಪಟ ಅನ್ನಿಸಿ, ಜೀರಿಗೆ ಒಣಮೆಣಸು ಕೂಡಿಸಿ ಹಿಂಡಿ ಎಂಬ ಚಟ್ನಿಪುಡಿ ಕುಟ್ಟಿಸಿದ. ಬಿಳಿ ಅನ್ನ ಬಿಟ್ಟು ನವಣಿ ಅನ್ನ, ಬಿಸಿ ಜೋಳದ ರೊಟ್ಟಿ, ಮಗ್ಗುಲಿಗೆ ಹಸಿ ಸೌತೆಕಾಯಿ, ಮೆಂತ್ಯ ಸೊಪ್ಪು, ಮೇಲೆ ನಿಂಬೆಹಣ್ಣು. "ಉಪ್ಪಿಲ್ಲ ಅನ್ನೂದು ನಾಲಿಗಿಗೆ ನೆನಪ ಆಗಬಾರದು. ಅದನ್ನ ಮಾತಿಗೆ ಹಚ್ಚಬೇಕು" ಎಂದು ನನಗೆ ಪಾಠ ಹೇಳುತ್ತಿದ್ದ. ಚಿಗವ್ವ ತನಗೆಂದು ಬೇರೆ ಗಡಿಗೆ ಇಡಲಿಲ್ಲ; ಇಬ್ಬರದೂ ಒಂದೇ ಊಟ. ಕಾಕಾನ ಹೊಟ್ಟೆ ಇಳಿಯಿತು, ಮುಖಕ್ಕೆ ಕಳೆ ಬಂತು, ಬೆಳಗ್ಗೆ ಹೊಲದ ದಾರಿಯಲ್ಲಿ ನನಗಿಂತ ಮುಂದೆ ನಡೆಯತೊಡಗಿದ. ಡಾಕ್ಟರು ಅವನನ್ನು ಬೇರೆ ರೋಗಿಗಳಿಗೆ ತೋರಿಸಿ, ಇವರ ಹಾಗೆ ಉಣ್ಣಿರಿ ಎಂದರಂತೆ. ಆರು ತಿಂಗಳಾಗಿದ್ದಾಗ ಒಮ್ಮೆ ನಮ್ಮ ಮನೆಯಲ್ಲಿ ಎರಡು ತುತ್ತು ಸಾರನ್ನ ಉಂಡು, ಉಪ್ಪು ಬಹಳವಾಗಿದೆ ಎಂದು ತಾಟು ಸರಿಸಿದ. ನಾವೆಲ್ಲ ನಕ್ಕೆವು. ಅದರಲ್ಲಿ ಹೆದರಬೇಕಾದದ್ದು ಏನಾದರೂ ಇದೆಯೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ತಳಕಲ್ಲಿನ ಮದುವೆಯಲ್ಲಿ. ಆಪರೇಷನ್ ಆದ ಮೇಲೆ ಅವನು ಹಿಡಿದ ಮೊದಲ ಅಡುಗೆ ಅದು. ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿದ್ದರಿಂದ ಕುರ್ಚಿಯಲ್ಲಿ ಕೂತು ಕೈ ತೋರಿಸಿ ಮಾಡಿಸಿದ. ಉಪ್ಪನ್ನು ಮಾತ್ರ ತಾನೇ ಎದ್ದು ಹಾಕಿದ. ಎಡೆಯಾಯಿತು, ಹಿರಿಯರ ಪಂಕ್ತಿ ಕೂತಿತು. ಬಡಿಸುತ್ತಿದ್ದವರಲ್ಲಿ ನಾನೂ ಇದ್ದೆ. ಬದನೆಕಾಯಿ ಪಲ್ಯ ಕಲಸಿ ಉಂಡ ಒಬ್ಬ ಮುದುಕ ನನ್ನ ಅಂಗಿಯ ಚುಂಗು ಹಿಡಿದು, ಸಣ್ಣ ದನಿಯಲ್ಲಿ ಒಂದೀಟು ಉಪ್ಪು ಕೇಳಿದ. ನಾನು ತರುವಷ್ಟರಲ್ಲಿ ಪಕ್ಕದವನೂ ಕೈ ಚಾಚಿದ. ಆಮೇಲೆ ಉಪ್ಪಿನ ಬಟ್ಟಲು ಒಬ್ಬರ ಕೈಯಿಂದ ಒಬ್ಬರ ಕೈಗೆ ಪಂಕ್ತಿಯ ಕೊನೆಯ ತನಕ ಹೋಯಿತು. ಯಾರೂ ಒಂದು ಮಾತು ಆಡಲಿಲ್ಲ. ಹೆಣ್ಣಿನ ತಂದೆ ಬಂದು, ದಣಿದಿರಿ, ನೀವೂ ಉಣ್ಣಿರಿ ಎಂದು ಕಾಕಾನಿಗೆ ಕೈಮುಗಿದ. ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತಿರುಗಿ ಬರುವಾಗ ಟೆಂಪೋದಲ್ಲಿ ಕಾಕಾ ಬಲಗೈಯನ್ನು ಮಡಚಿ ಬಿಚ್ಚಿ ನೋಡುತ್ತ ಕೂತಿದ್ದ. ಮನೆಯ ಮುಂದೆ ಇಳಿದ ಮೇಲೆ, "ನಾಲಿಗಿ ಕೂಡ ಕೈನೂ ಸಣ್ಣದಾತೋ ತಮ್ಮಾ" ಎಂದ. ತೂಕ ಮಾಡಿ ಹಾಕಿರಿ, ಜಗತ್ತೆಲ್ಲ ತೂಕದ ಮೇಲೆಯೇ ನಡೆಯುತ್ತದೆ ಎಂದು ಚಿಗವ್ವ ಎಷ್ಟೋ ಹೇಳಿದಳು. "ತೂಕ ಮಾಡಿ ಹಾಕಾಕ ನಾ ಯಾಕ ಬೇಕು, ತಕ್ಕಡಿ ಸಾಕಲ್ಲ" ಎಂದು ಅವನು ಆ ಮಾತನ್ನು ಮುಗಿಸಿದ. ಆ ಸುಗ್ಗಿಯಲ್ಲಿ ಮದುವೆಯವರು ಅವನ ಬಾಗಿಲ ಮುಂದೆಯೇ ಹಾದು ಬೇರೆಯವರ ಮನೆಗೆ ಹೋದರು. ಅವನು ಕಟ್ಟೆಯ ಮೇಲೆ ಕೂತು ಅವರನ್ನು ಮಾತಾಡಿಸಿ ಕಳಿಸುತ್ತಿದ್ದ.

ನನ್ನ ಮಗಳು ಸುಮಾಳ ಮದುವೆ ಗೊತ್ತಾದದ್ದು ಅದೇ ಹೊತ್ತಿಗೆ. ನಾನು ಎಲೆ ಅಡಿಕೆ ಹಿಡಿದು ನೇರ ಕಾಕಾನ ಮನೆಗೆ ಹೋದೆ. ಅಡುಗೆ ನಿನ್ನದೇ ಎಂದೆ. ಅವನು ಎಲೆ ಅಡಿಕೆಯನ್ನು ಕಣ್ಣಿಗೆ ಒತ್ತಿಕೊಂಡ. ದೊಡ್ಡ ಉಪಕಾರ ಮಾಡಿದೆನೆಂಬ ಹಿಗ್ಗಿನಲ್ಲಿ ಎದ್ದು ಬಂದೆ. ಚಿಗವ್ವ ನನ್ನ ಹಿಂದೆಯೇ ಬೇವಿನ ಗಿಡದ ತನಕ ಬಂದಳು.

"ತಮ್ಮಾ, ಬ್ಯಾರೆಯವ್ರಿಗೆ ಹೇಳಪಾ. ಕೈ ತಿರುಗಿ ಬರಬೇಕಂದ್ರ ಇವ್ರು ಮತ್ತ ಉಪ್ಪ ತಿಂತಾರ. ನಾ ಬ್ಯಾಡಂದ್ರ ಕೇಳೂದಿಲ್ಲ, ನೀ ಬ್ಯಾಡಂದ್ರ ಬಿಡ್ತಾರ."

ನಾಳೆ ಹೇಳುತ್ತೇನೆ ಎಂದೆ. ಮರುದಿನ ಹೋದರೆ ಕಾಕಾ ಕನ್ನಡಕ ಹಾಕಿಕೊಂಡು ಸಾಮಾನಿನ ಪಟ್ಟಿ ಬರೆಯುತ್ತಿದ್ದ. ಸುಮಾಳಿಗೆ ಸಣ್ಣವಳಿದ್ದಾಗಿಂದ ಗೋದಿ ಬೆಲ್ಲದ ಮಾದಲಿ ಎಂದರೆ ಜೀವ, ಅದೂ ಇರಲಿ ಅಲ್ಲವೇ ಎಂದು ಕೇಳಿದ. ಇರಲಿ ಎಂದೆ. ಹೇಳಬೇಕಾದದ್ದನ್ನು ಹೇಳಲಿಲ್ಲ.

ಹದಿನೈದು ದಿನದ ಮೇಲೆ ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅವನು ಬೆಂಚಿನ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದುದನ್ನು ಕಂಡೆ. ಪಕ್ಕದಲ್ಲಿ ಕಾಗದದ ಮೇಲೆ ಉಪ್ಪು. ಒಂದು ತುಂಡು ಕಚ್ಚುವುದು, ಕಣ್ಣು ಮುಚ್ಚುವುದು, ಬಲಗೈಯ ಬೆರಳು ಮಡಚಿ ಬಿಚ್ಚುವುದು. ನನ್ನನ್ನು ಕಂಡು ಬೆದರಲಿಲ್ಲ.

"ತಿನ್ನಾಕತ್ತಿಲ್ಲೋ ತಮ್ಮಾ, ಕಲಿಯಾಕತ್ತೀನಿ" ಎಂದ. "ನಿನ್ನ ಮಗಳ ಮದಿವಿ ಮುಗಿದ ದಿನದಿಂದ ಮತ್ತ ನಿಮ್ಮ ಚಿಗವ್ವನ ಗ್ವಾಡಿ ನೀರ."

ನಾನು ನಕ್ಕು ಬಸ್ಸು ಹತ್ತಿದೆ. 

ಮದುವೆಯ ದಿನ ಅವನು ಕುರ್ಚಿಯಲ್ಲಿ ಕೂರಲೇ ಇಲ್ಲ. ಮುಷ್ಟಿ ತುಂಬಿ ಎರಚಿದ. ಕಡೆಯಲ್ಲಿ ಎರಡು ಹರಳು ಚೀಲಕ್ಕೆ ಹಿಂದೆ ಹಾಕಿದ. ನಾಲ್ಕು ಪಂಕ್ತಿ ಎದ್ದವು, ಯಾರೂ ಉಪ್ಪು ಕೇಳಲಿಲ್ಲ, ಯಾರೂ ಅವನ ಹೆಸರೆತ್ತಲಿಲ್ಲ. ಸುಮಾಳ ಸೀರೆ ಚೆನ್ನಾಗಿದೆ, ಗಂಡು ಎತ್ತರ ಇದ್ದಾನೆ ಎಂದು ಮಾತಾಡಿಕೊಂಡು ಹೋದರು. ಕಾಕಾ ಪಡದೆಯ ಹಿಂದೆ ನಿಂತು ಅದನ್ನೆಲ್ಲ ಕೇಳಿಸಿಕೊಂಡ. ಅವನ ಪಾದಗಳು ಚಪ್ಪಲಿಯ ಪಟ್ಟಿಯಿಂದ ಉಬ್ಬಿ ಹೊರಗೆ ಬಂದಿದ್ದವು. ಬಹಳ ಹೊತ್ತು ನಿಂತಿದ್ದಾನೆ, ಅದಕ್ಕೆ ಎಂದುಕೊಂಡೆ.

ಮತ್ತೆ ಗೋಡೆ ನೀರಿಗೆ ಬಂದನಾದರೂ ದೇಹ ಕೇಳಲಿಲ್ಲ. ಕಾಲಿನ ಬಾವು ಮೇಲೆ ಏರಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಮದುವೆಯಾದ ಹನ್ನೆರಡನೆಯ ದಿನ ಬೆಳಗ್ಗೆ ಕಾರು ಮಾಡಿ ಕೊಪ್ಪಳದ ದವಾಖಾನೆಗೆ ಕರೆದುಕೊಂಡು ಹೊರಟೆವು. ಕುಷ್ಟಗಿ ದಾಟಿದ ಮೇಲೆ ಅವನು ಚಿಗವ್ವನ ಹೆಗಲ ಮೇಲೆ ತಲೆಯಿಟ್ಟ. ಮುಂದಿನ ಸೀಟಿನಲ್ಲಿದ್ದ ನನಗೆ, ಆಕೆ ಕಾರು ನಿಲ್ಲಿಸಲು ಹೇಳಿದಾಗಲೇ ತಿಳಿದದ್ದು.

ದಿನಕರ್ಮ ಮುಗಿದು ಬೀಗರೆಲ್ಲ ಹೋದ ಮೇಲೆ ಚಿಗವ್ವನ ಎದುರು ಹೋಗಿ ಕೂತೆ. ಬೈಯಲಿ ಎಂದೇ ಹೋಗಿದ್ದೆ. ಅವಳು ನನಗೆ ನೀರು ತಂದಿಟ್ಟು, "ಮದಿವಿ ದಿನ ಊಟ ಛಲೋ ಆಗಿತ್ತೇನು? ನಾ ಉಣಲಿಲ್ಲ" ಎಂದಳು.

ಛಲೋ ಆಗಿತ್ತು ಎಂದೆ.

ಎರಡು ತಿಂಗಳಾದ ಮೇಲೆ ಕುಷ್ಟಗಿಯ ಒಬ್ಬ ಅರಿವೆ ಅಂಗಡಿಯವರಿಗೆ ಅದೇ ಆಪರೇಷನ್ ಆಯಿತು. ಅವರು ಮನೆಯ ಊಟ ಮುಟ್ಟುತ್ತಿಲ್ಲವೆಂದು ಅವರ ಹೆಂಡತಿ, ಕಾಕಾ ಉಣ್ಣುತ್ತಿದ್ದ ಅಡುಗೆ ಮಾಡಿಕೊಡಬೇಕೆಂದು ಚಿಗವ್ವನಿಗೆ ಎರಡು ಸಲ ಹೇಳಿಕಳಿಸಿದಳು. ಎರಡು ಸಲವೂ ಚಿಗವ್ವ ಒಲ್ಲೆನೆಂದಳು. ಮೂರನೆಯ ಸಲ ಆ ಹೆಂಗಸು ತಾನೇ ಬಂದು ಪಡಸಾಲೆಯಲ್ಲಿ ಕೂತು ಅತ್ತಳು. ಚಿಗವ್ವ ಮರುದಿನ ಏಳು ಗಂಟೆಯ ಬಸ್ಸಿಗೆ ಕುಷ್ಟಗಿಗೆ ಹೋದಳು. ಸಂಜೆ ತಿರುಗಿ ಬಂದಳು. ಅದರ ಮರುದಿನವೂ ಹೋದಳು.