ಗಂಟೆ ಹೊಡ್ಸಿದ್ದು ನಾನೇ

ನೀವು ನಂಬಲ್ಲ ಬಿಡ್ರಿ. ಬೇಕಾದ್ರೆ ಪಂಥ ಕಟ್ರಿ. ಚಳ್ಳಕೆರೆ ಪಾದ್ರಿಗಳ ಕಾಲೇಜಿನಾಗೆ ನಡೀತಿದ್ದ ಪರೀಕ್ಷೇನ ಅರ್ಧ ಗಂಟೆಗೇ ಮುಗಿಸಿದ ಗಂಡು ನಾನು. ಅದೂ ಒಳಗೆ ಕುಂತು ಉತ್ತರ ಬರೀತಾ, ಕುಂತ ಜಾಗದಿಂದ ಅಲ್ಲಾಡದೆ.

ಇವತ್ತು ಬೆಳಿಗ್ಗೆ ನಮ್ಮನೆಯಾಕೆ ಹಿತ್ತಾಳೆ ಕೊಡ ಮುಂದಿಟ್ಟು, ಕೈಗೆ ಹುಣಸೆಹಣ್ಣು ಕೊಟ್ಟು, ‘ಸುಮ್ನೆ ಕುಂತಿರಲ್ಲ, ಇದನ್ನಾದ್ರೂ ತಿಕ್ರಿ’ ಅಂದ್ಲು. ತಿಕ್ತಾ ತಿಕ್ತಾ ಆ ಹುಳಿ ವಾಸ್ನೆ ಮೂಗಿಗೆ ಬಡೀತು ನೋಡ್ರಿ, ಕೊಡ ಹಂಗೇ ಉಳೀತು, ನಾನು ಆ ಕಾಲೇಜಿನ ಕಾಲಕ್ಕೇ ಹೋಗ್ಬಿಟ್ಟೆ.

ನಮ್ಮೂರು ನನ್ನಿವಾಳದಿಂದ ಹೊರಟಾಗ ನಮ್ಮವ್ವಂಗೆ ಒಂದೇ ಭಯ, ಪಾದ್ರಿಗಳು ಮಗನ ಕೊರಳಿಗೆ ಶಿಲುಬೆ ಕಟ್ಟಿ ಕಳಿಸ್ತಾರೆ ಅಂತ. ಅವರು ಕಲ್ಸಿದ್ದು ಎರಡೇ: ಷರಟು ಪ್ಯಾಂಟಿನೊಳಗೆ ಸೇರ್ಸೋದು, ಲೈಬ್ರರಿಯಾಗೆ ಬಾಯಿ ಮುಚ್ಕೊಂಡಿರೋದು. ಎರಡನೇದು ನನಗೆ ಇವತ್ತಿಗೂ ಬಂದಿಲ್ಲ.

ಹೊಸಬರಿಗೆ ಇಲ್ಲದ ರೂಲ್ಸು ಹೇಳೋದು ನನ್ನ ಕಸುಬು. ಒಬ್ಬನ ಕೈಲಿ ಒಂದು ವಾರ ಜವಾನನಿಗೆ ‘ಗುಡ್ ಮಾರ್ನಿಂಗ್ ಸರ್’ ಅನ್ಸಿದ್ದೆ. ಜವಾನ ಖುಷಿಯಾಗಿ ನನಗೇ ಟೀ ಕುಡಿಸ್ದ. ಆಮೇಲೆ ಸಿಕ್ಕೋನೇ ಮೊಳಕಾಲ್ಮೂರು ಕಡೆಯ ಓಬಳೇಶ. ಅವರಪ್ಪ ಕಡ್ಲೇಕಾಯಿ ಕೀಳೋ ಕೂಲಿಗೆ ಹೋಗ್ತಿದ್ದ. ಅವರ ಮನೇಲಿ ಕಾಲೇಜು ಮೆಟ್ಟಿಲು ಹತ್ತಿದ್ದು ಇವನೊಬ್ಬನೇ.

ಚರ್ಚಿನ ಮುಂದೆ ಕಂಚಿನ ಗಂಟೆ ನೇತಾಡ್ತಿತ್ತು. ಕಾಲೇಜಿಗೂ ಅದೇ ಗಂಟೆ, ದಿನಾ ಜವಾನ ಹೊಡೀತಿದ್ದ. ನಾನು ಓಬಳೇಶನಿಗೆ ಹೇಳ್ದೆ, ಪರೀಕ್ಷೆ ದಿನ ತಡ ಆದೋರು ಮೂರು ಸಲ ಗಂಟೆ ಹೊಡೆದು ಕೈ ಮುಗಿದೇ ಒಳಗೆ ಬರ್ಬೇಕು ಅಂತ. ಅವನು ತನ್ನ ಮನೆಮಾತು ತೆಲುಗಿನಾಗೆ ‘ನಿಜಮಾ?’ ಅಂದ. ಗುಡಿಗೆ ಹೋದ್ರೆ ಗಂಟೆ ಹೊಡೆದೇ ಒಳಗೆ ಹೋಗೋ ಹುಡುಗ, ದೇವರ ಮುಂದಿನ ಗಂಟೆ ಅಂದ್ಮೇಲೆ ಅನುಮಾನ ಎಲ್ಲಿಂದ ಬರ್ಬೇಕು. ನಾನು ಹೇಳಿ ಮರೆತ್ಬಿಟ್ಟೆ.

ಪರೀಕ್ಷೆ ದಿನ ಅವನ ಬಸ್ಸು ಕೆಟ್ಟು ನಿಂತು ಅರ್ಧ ಗಂಟೆ ತಡ. ಓಡಿ ಬಂದು, ಭಕ್ತಿಯಿಂದ ಮೂರು ಏಟು ಹೊಡೆದ. ಕಾಲೇಜಿನ ಲೆಕ್ಕದಾಗೆ ಮೂರು ಏಟು ಅಂದ್ರೆ ಪರೀಕ್ಷೆ ಟೈಮ್ ಮುಗೀತು ಅಂತ. ಗಡಿಯಾರ ಇಲ್ಲದೆ ಗಂಟೇನೇ ನಂಬಿದ್ದ ಮೇಷ್ಟ್ರುಗಳು ಪೇಪರ್ ಕಿತ್ಕೊಂಡ್ರು, ಹುಡುಗ್ರು ಹೋ ಅಂತ ಹೊರಗೆ ಬಂದ್ರು, ಪ್ರಶ್ನೆಪತ್ರಿಕೆ ಟೀ ಅಂಗಡಿ ಮುಟ್ತು. ಪರೀಕ್ಷೆ ರದ್ದಾಯ್ತು.

ಮೇಷ್ಟ್ರುಗಳೆಲ್ಲ ಸೇರಿ ಓಬಳೇಶನಿಗೆ ಟಿ.ಸಿ. ಕೊಟ್ಟು ಕಳಿಸ್ರಿ ಅಂದ್ರು. ಯಾರು ಹೇಳಿಕೊಟ್ಟಿದ್ದು ಅಂತ ಎಷ್ಟು ಕೇಳಿದ್ರೂ ಓಬಳೇಶ ನನ್ನ ಹೆಸರು ಎತ್ತಲಿಲ್ಲ. ‘ನಮ್ಮೂರ ಗುಡೀಲಿ ಹಂಗೇ ಮಾಡ್ತೀವಿ ಫಾದರ್’ ಅಂದ, ಅಷ್ಟೇ.

ಪ್ರಿನ್ಸಿಪಾಲ್ ಫಾದರ್ ಮಂಗಳೂರು ಕಡೆಯೋರು. ಅವರು ರೇಗಿದ್ದು ನಾನು ನೋಡಿಲ್ಲ, ಆದ್ರೆ ಅವರು ಸುಮ್ನಾದ್ರೆ ಇಡೀ ಕಾಲೇಜು ಬೆವರ್ತಿತ್ತು. ಮಾರನೇ ಬೆಳಿಗ್ಗೆ ಪ್ರಾರ್ಥನೆ ಆದ್ಮೇಲೆ, ಇದರ ಹಿಂದೆ ಇರೋನು ತಾನಾಗಿ ಏಳ್ಬಹುದು ಅಂದ್ರು. ಅವರ ಮಾತು ಮುಗಿಯೋ ಮೊದ್ಲೇ ನಾನು ಎದೆ ಸೆಟೆಸಿ ಎದ್ದು ನಿಂತೆ. ಎಲ್ಲರ ಮುಂದೆ ಓಬಳೇಶನ ಕ್ಷಮೆ ಕೇಳ್ದೆ.

ಫಾದರ್ ನನ್ನ ಆಫೀಸಿಗೆ ಕರೆಸಿದ್ರು. ‘ನಿನಗೆ ಟಿ.ಸಿ. ಕೊಟ್ರೆ ಇನ್ನೊಂದು ಕಾಲೇಜಿಗೆ ಹೋಗಿ ಇದನ್ನೇ ಮಾಡ್ತೀ ಮಾರಾಯ’ ಅಂದ್ರು. ‘ನಾಳೆಯಿಂದ ಆ ಗಂಟೆ ನಿಂದು.’ ತಮ್ಮ ಕೈ ಗಡಿಯಾರ ಬಿಚ್ಚಿ ನನ್ನ ಕೈಗೇ ಕಟ್ಟಿದ್ರು. ಬಯ್ದಿದ್ರೆ ಮರೀತಿದ್ದೆ.

ಒಂದು ವರ್ಷ ಹೊಡೆದೆ ಕಣ್ರಿ. ಶನಿವಾರ ಶನಿವಾರ ಹುಣಸೆಹಣ್ಣು ಹಾಕಿ ತಿಕ್ಕಿದೆ. ದಿನಾ ಕೊನೇಗೆ ಬರ್ತಿದ್ದೋನು ಎಲ್ಲರಿಗಿಂತ ಮೊದ್ಲು ಬಂದೆ. ನಾನು ಎರಡು ನಿಮಿಷ ಮೈ ಮರೆತ್ರೆ ಆರುನೂರು ಜನದ ಎರಡು ನಿಮಿಷ ಹೋಯ್ತು ಅನ್ನೋದು ತಲೆಗೆ ಹತ್ತಿದ್ದು ಆವಾಗ. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ನನ್ನ ಗಂಟೆ ಕೇಳಿ ಬಸ್ ಬಿಡ್ತಿದ್ದ. ನಾನು ಮನುಷ್ಯ ಆಗಿದ್ದು ಆ ಗಂಟೆ ಹಗ್ಗ ಹಿಡಿದೇ.

ಇದ್ರಾಗೆ ಒಂದೇ ಒಂದು ಸುಳ್ಳು ಐತೆ. ಕಂಟ್ರೋಲರ್ ವಿಷಯ ಅಂದ್ಕೊಂಡ್ರಾ? ಅದು ನಿಜ. ಸುಳ್ಳು ಅಂದ್ರೆ, ಆವತ್ತು ಫಾದರ್ ಹೇಳ್ದಾಗ ನಾನು ಏಳಲಿಲ್ಲ. ನೆಲ ನೋಡ್ತಾ ಕುಂತಿದ್ದೆ. ಮರುದಿನಾನೂ ಏಳಲಿಲ್ಲ. ಮೂರನೇ ದಿನ ಪ್ರಾರ್ಥನೆ ಹೊತ್ತಿಗೆ ಓಬಳೇಶನ ಅಪ್ಪ ಕೂಲಿ ಬಿಟ್ಟು ಟಿ.ಸಿ. ತಗೊಳ್ಳಾಕೆ ಬಂದ, ಗೇಟಿನ ಹತ್ರಾನೇ ಚಪ್ಪಲಿ ಬಿಟ್ಟು ಬರಿಗಾಲಾಗೆ ಆಫೀಸಿನ ಕಡೆ ನಡೆದ. ಅದನ್ನ ನೋಡಿ ಎದ್ದೆ.

ಓಬಳೇಶ ಮೇಷ್ಟ್ರಾಗಿ ರಿಟೈರಾಗಿ ಈಗ ಮೊಳಕಾಲ್ಮೂರಿನಾಗೆ ಅವ್ನೆ. ಅವನ ಮುಂದೇನೇ ಎಷ್ಟೋ ಸಲ ಈ ಕಥೆ ಕೊಚ್ಕೊಂಡಿದ್ದೀನಿ, ಅವನು ಒಂದು ಸಲಾನೂ ತಿದ್ದಿಲ್ಲ. ಇವತ್ತು ನಾನೇ ತಿದ್ದಿದೀನಿ.