ಬೈರಪ್ಪನ ಬಲಗಾಲು

ಬೈರಪ್ಪನಿಗೆ ಕೋಪ ಬರಲು ಕಾರಣವೇ ಬೇಕಿರಲಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಹೊಡೆದರೆ ಕೋಪ, ಮುಂದಿನವನು ಇಂಡಿಕೇಟರ್ ಹಾಕದೆ ತಿರುಗಿದರೆ ಕೋಪ. ಮೊಬೈಲಿನೊಳಗಿನ ಹೆಂಗಸು 'ಎಡಕ್ಕೆ ತಿರುಗಿ' ಅಂದರಂತೂ, ಮೂವತ್ತೆರಡು ವರ್ಷ ಇದೇ ಮೈಸೂರು ರೋಡಿನಲ್ಲಿ ಬಸ್ಸು ಓಡಿಸಿದವನಿಗೆ ದಾರಿ ಹೇಳಲು ಇವಳ್ಯಾರು ಎಂದು ಕೆಂಗೇರಿಯ ಹಳೇ ಊರಿಗೆಲ್ಲ ಕೇಳುವಂತೆ ಕೋಪ. ಆದರೆ ಇವೆಲ್ಲ ಚಿಲ್ಲರೆ. ದೊಡ್ಡ ಕೋಪ ಒಂದೇ ಇತ್ತು. ಅದಕ್ಕೆ ಆರು ವರ್ಷ ವಯಸ್ಸು, ಅದರ ಹೆಸರು ಯಲ್ಲಪ್ಪ.

ಯಲ್ಲಪ್ಪ ಅವನ ಕಂಡಕ್ಟರ್. ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ, ಒಂದೇ ಡಬ್ಬಿಯ ಮುದ್ದೆ ಹಂಚಿಕೊಂಡು ತಿಂದವರು. ಬೈರಪ್ಪ ರಿಟೈರಾಗಲು ನಾಲ್ಕು ತಿಂಗಳಿದ್ದಾಗ, ನಾಯಂಡಹಳ್ಳಿ ಹತ್ತಿರ, ಸ್ಕೂಟರಿನವನೊಬ್ಬ ಒದ್ದೆ ರಸ್ತೆಯಲ್ಲಿ ಜಾರಿ ಸೀದಾ ಬಸ್ಸಿನ ಮುಂದೆ ಬಂದು ಬಿದ್ದ. ಬೈರಪ್ಪ ಬ್ರೇಕ್ ತುಳಿದ. ಬಸ್ಸು ನಿಂತಿತು. ಬಿದ್ದವನ ಹೆಲ್ಮೆಟ್ಟಿಗೂ ಬಂಪರಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಸರಿಯಾಗಿ ಒಂದು ಗೇಣು, ಬೈರಪ್ಪ ಕೆಳಗಿಳಿದು ಕಣ್ಣಾರೆ ನೋಡಿದ್ದ. ಆದರೆ ಬಿದ್ದ ಪೆಟ್ಟಿಗೇ ಸ್ಕೂಟರಿನವನ ಕಾಲು ಮುರಿದಿತ್ತು. ಸೇರಿದ ಜನ ಬಸ್ಸೇ ಗುದ್ದಿದೆ ಅಂದುಕೊಂಡು ಗಾಜು ಒಡೆದರು, ಬೈರಪ್ಪನ ಖಾಕಿ ಕಾಲರ್ ಹಿಡಿದು ಎಳೆದಾಡಿದರು. ವಿಚಾರಣೆಯಲ್ಲಿ ಸಾಹೇಬರು ಕೇಳಿದಾಗ ಯಲ್ಲಪ್ಪ ತಲೆ ಎತ್ತದೆ ಹೇಳಿದ್ದು ಇಷ್ಟೇ: "ನಾನು ಹಿಂದ್ಗಡೆ ಟಿಕೆಟ್ ಕೊಡ್ತಿದ್ದೆ ಸಾರ್. ಏನೂ ನೋಡ್ಲಿಲ್ಲ."

ಮುಗಿಯಿತು. ಫೈಲಿನಲ್ಲಿ 'ಚಾಲಕನ ಅಜಾಗರೂಕತೆ' ಎಂದು ಬರೆದರು. ಅಪಘಾತವಿಲ್ಲದ ಸರ್ವಿಸ್ಸಿಗೆ ಕೊಡುವ ಪದಕದ ಪಟ್ಟಿಯಿಂದ ಅವನ ಹೆಸರು ಹೊಡೆದು ಹಾಕಿದರು. ಪದಕ ತೂಗುಹಾಕಲೆಂದು ಹೆಂಡತಿ ವಿಮಲಮ್ಮ ಮುಂಚೆಯೇ ಹಾಲ್ ಗೋಡೆಗೆ ಮೊಳೆ ಹೊಡೆಸಿದ್ದಳು. ಈಗ ಅದರಲ್ಲಿ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರ್ ನೇತಾಡುತ್ತದೆ. ಟೀ ಅಂಗಡಿಯಲ್ಲಿ ಬೈರಪ್ಪ 'ಒಂದು ಗೇಣು' ಎಂದು ಬಾಯಿ ತೆಗೆದರೆ ಸಾಕು, "ಮೊನ್ನೆ ಮೊಳ ಅಂದಿದ್ದೆ ಕಣಣ್ಣ, ಇವತ್ತು ಗೇಣಾಯ್ತಾ?" ಎಂದು ಯಾರಾದರೂ ಕಿಚಾಯಿಸುತ್ತಾರೆ. ಯಲ್ಲಪ್ಪ ಎರಡು ಬೀದಿ ಆಚೆ ಇದ್ದರೂ ಆರು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ.

ಇಂಥ ಬೈರಪ್ಪನ ಮನೆ ಮುಂದೆ ಬಿಳಿ ಅಂಬಾಸಿಡರ್ ನಿಂತಿದ್ದನ್ನು ಬಸವೇಶ್ವರನಗರದ ಶ್ರೀಶ ನೋಡಿದ. ಅವನೊಂದು ಸಿನಿಮಾ ಮಾಡುತ್ತಿದ್ದ. ಸುಪಾರಿ ಕೊಲೆಗಾರನೊಬ್ಬ ಹಳೇ ಕಾರಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗುತ್ತಾ ದಾರಿಯುದ್ದಕ್ಕೂ ಜನರನ್ನು ಮುಗಿಸುವ ಕಥೆ. ಒಟ್ಟು ಆರು ಜನರ ತಂಡ, ವಿಜಯನಗರದ ಮಾರ್ಕೆಟ್ಟಿನ ಪ್ಲಾಸ್ಟಿಕ್ ಗನ್ನಿಗೆ ಕಪ್ಪು ನೇಲ್ ಪಾಲಿಶ್, ರಕ್ತಕ್ಕೆ ಬೀಟ್‌ರೂಟ್. ಕಾರು ಕೊಡಲು ಬೈರಪ್ಪ ಒಂದೇ ಷರತ್ತು ಹಾಕಿದ.

"ಸ್ಟೀರಿಂಗ್ ಬೇರೆ ಯಾರೂ ಮುಟ್ಟಂಗಿಲ್ಲ."

"ಅಂಕಲ್, ಹೀರೋನೇ ಓಡಿಸ್ಬೇಕಲ್ವಾ?"

"ಅವನಿಗೆ ಬರುತ್ತಾ, ಕೇಳು."

ಹೀರೋ ಯಶ್ವಂತ್ ಒಳಗೆ ಕೂತು ಗೇರು ಹುಡುಕಿದ. ಅದು ಸ್ಟೀರಿಂಗ್ ಪಕ್ಕದಲ್ಲೇ ಇದೆ ಎಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಕಾರು ಎರಡು ಸಲ ಆಫ್ ಆಗಿ, ಬೈರಪ್ಪ ಮೂರು ಸಲ ಬೈದಾಗಿತ್ತು. ಅಲ್ಲಿಗೆ ದೂರದ ಶಾಟ್‌ಗಳಲ್ಲೆಲ್ಲ ಕೊಲೆಗಾರ ಬೈರಪ್ಪನೇ ಆದ. ಅರವತ್ತಾರರ ತಲೆಯ ಮೇಲೆ ಕಪ್ಪು ವಿಗ್ಗು, ಮೂಗಿನ ಮೇಲೆ ಕೂಲಿಂಗ್ ಗ್ಲಾಸು. ವಿಮಲಮ್ಮ ನಕ್ಕು ನಕ್ಕು ಅಡುಗೆಮನೆ ಕಟ್ಟೆ ಹಿಡಿದುಕೊಂಡಳು. "ಈ ಮುಖಕ್ಕೆ ಯಾರ್ರೀ ಸುಪಾರಿ ಕೊಡ್ತಾರೆ?"

ಮುಹೂರ್ತದ ದಿನ ಕಾರಿಗೆ ಪೂಜೆ ಮಾಡಿ, ನಾಲ್ಕು ಗಾಲಿಗೂ ನಿಂಬೆಹಣ್ಣಿಟ್ಟು, ಪಟ್ ಪಟ್ ಎಂದು ಹತ್ತಿಸಿ ಬೈರಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ್ದ: "ನನ್ ಗಾಲಿ ಕೆಳಗೆ ಹೋಗೋದು ನಿಂಬೆಹಣ್ಣು ಮಾತ್ರ. ತಿಳ್ಕೊಳ್ಳಿ." ಶ್ರೀಶ ಡೈಲಾಗ್ ಸೂಪರಾಗಿದೆ ಅಂದುಕೊಂಡನೇ ಹೊರತು, ಅದು ಡೈಲಾಗಲ್ಲ ಎಂದು ಅವನಿಗೆ ಹೊಳೆಯಲಿಲ್ಲ.

ಹೊಳೆದದ್ದು ಐದನೇ ದಿನ. ಕೆಂಗೇರಿ ಉಪನಗರದ ಹಿಂದೆ, ಸೈಟು ಮಾಡಿ ಇನ್ನೂ ಮನೆ ಏಳದ ಬಡಾವಣೆಯ ಖಾಲಿ ರಸ್ತೆ. ಬೆಳಿಗ್ಗೆ ಹತ್ತು ಗಂಟೆ. ನಡುರಸ್ತೆಯಲ್ಲಿ ಒಣಹುಲ್ಲು ತುಂಬಿದ ಬೊಂಬೆಯೊಂದು ಮಲಗಿತ್ತು, ತಲೆಗೆ ಹೆಲ್ಮೆಟ್ಟು. ಕಥೆಯಲ್ಲಿ ಅದು ಗಾಡಿಯಿಂದ ಬಿದ್ದ ಮನುಷ್ಯ, ಕೊಲೆಗಾರ ಅವನ ಮೇಲೆ ಕಾರು ಹತ್ತಿಸಬೇಕು. ಜಾಗ ಕೊಟ್ಟವರು ಹನ್ನೆರಡಕ್ಕೆ ಖಾಲಿ ಮಾಡಿ ಅಂದಿದ್ದರು.

ಹೆಲ್ಮೆಟ್ಟು ನೋಡುತ್ತಿದ್ದಂತೆ ಬೈರಪ್ಪನಿಗೆ ನಾಯಂಡಹಳ್ಳಿಯ ಒದ್ದೆ ರಸ್ತೆ ನೆನಪಾಯಿತು. ಅಷ್ಟರಲ್ಲಿ ರಸ್ತೆ ಪಕ್ಕದಲ್ಲಿ ನಿಂತಿದ್ದವನನ್ನು ಕಂಡ.

"ಇವನ್ಯಾಕೆ ಇಲ್ಲಿ?"

"ಟೀ ಅಂಗಡೀಲಿ ಸಿಕ್ಕಿದ್ರು ಅಂಕಲ್," ಅಂದ ಶ್ರೀಶ ಖುಷಿಯಾಗಿ. "ಕೊಲೆ ನೋಡೋ ಸಾಕ್ಷಿ ಇವರೇ. ಮುಖ ಸಕ್ಕತ್ತಾಗಿದೆ ಅಲ್ವಾ?"

"ಯಲ್ಲಪ್ಪ? ಸಾಕ್ಷಿ?" ಬೈರಪ್ಪ ವಿಗ್ಗು ಕಿತ್ತು ಬಾನೆಟ್ ಮೇಲೆ ಎಸೆದ. "ಅವನ ಜನ್ಮದಲ್ಲಿ ಏನಾದ್ರೂ ನೋಡಿದಾನೇನಯ್ಯಾ ಅವನು?"

ಯಲ್ಲಪ್ಪ ಚಪ್ಪಲಿಯ ತುದಿಯಿಂದ ಮಣ್ಣು ಕೆದಕುತ್ತಾ ನಿಂತ. "ಕಾರು ನಿಂದು ಅಂತ ಗೊತ್ತಿದ್ರೆ ಬರ್ತಿರ್ಲಿಲ್ಲ ಕಣ್ಲಾ," ಎಂದು ಗೊಣಗಿದ.

"ಬಂದಿದೀಯಲ್ಲ, ಕಣ್ ಬಿಟ್ಕೊಂಡು ನಿಂತ್ಕೊ!"

ಕಾರು ನಲವತ್ತರಲ್ಲಿ ಬಂತು. ಕೀರ್ ಎಂದು ಸದ್ದಾಗಿ, ಟೈರಿನ ವಾಸನೆ ಎದ್ದು, ಕಾರು ಬೊಂಬೆಯ ಮುಂದೆ ನಿಂತಿತು.

"ಅಂಕಲ್, ಬ್ರೇಕ್ ಹಾಕ್ಬಾರ್ದು!"

"ನಾನು ಹಾಕ್ಲಿಲ್ಲ. ಕಾಲು ಹಾಕ್ತು."

ಎರಡನೇ ಸಲವೂ ನಿಂತಿತು. ಮೂರನೇ ಸಲ "ಕಣ್ ಮುಚ್ಕೊಂಡು ತುಳೀರಿ ಅಂಕಲ್" ಎಂದ ಯಶ್ವಂತ್‌ಗೆ, "ಕಣ್ ಮುಚ್ಕೊಂಡು ಓಡ್ಸೋದಾದ್ರೆ ಲೈಸೆನ್ಸ್ ಯಾಕೋ ಬೇಕು, ಬೇಕೂಫ!" ಎಂದು ಬಿತ್ತು ಬೈಗುಳ. ನಾಲ್ಕನೇ ಸಲ ಬೈರಪ್ಪ ನಿಜಕ್ಕೂ ಪ್ರಯತ್ನಪಟ್ಟ. ಅದು ಹುಲ್ಲು, ಬರೀ ಹುಲ್ಲು ಎಂದು ಹೇಳಿಕೊಳ್ಳುತ್ತಾ ಬಂದ. ಹೆಲ್ಮೆಟ್ಟು ಹತ್ತಿರವಾಗುತ್ತಿದ್ದಂತೆ ಬಲಗಾಲು ತಾನಾಗಿ ಎದ್ದು ಬ್ರೇಕಿನ ಮೇಲೆ ಕೂತಿತು. ಐದು. ಆರು. ಶ್ರೀಶ ತಲೆ ಮೇಲೆ ಕೈ ಹೊತ್ತು ರಸ್ತೆಯಲ್ಲೇ ಕುಸಿದು ಕೂತ. "ಒಂದು ಹುಲ್ಲಿನ ಬೊಂಬೆ ಅಂಕಲ್! ನನ್ ಸಿನಿಮಾದಲ್ಲಿ ಕೊಲೆಗಾರ ಒಬ್ಬರನ್ನೂ ಸಾಯಿಸ್ತಾ ಇಲ್ಲ!"

ಏಳನೇ ಸಲ ಕಾರು ನಿಂತಾಗ ಬೈರಪ್ಪ ಬಾಗಿಲು ದೂಡಿ ಇಳಿದ. ಮುಖ ಕೆಂಡವಾಗಿತ್ತು.

"ಆಗಲ್ಲ ಅಂದ್ರೆ ಆಗಲ್ಲ! ಮೂವತ್ತೆರಡು ವರ್ಷ ಈ ಕಾಲು ಇದನ್ನೇ ಕಲ್ತಿರೋದು. ಅವತ್ತೂ ಹಿಂಗೇ ನಿಲ್ಸಿದ್ದೆ, ಯಾವ ನನ್ ಮಗನೂ ನಂಬಲಿಲ್ಲ. ಕ್ಯಾಮೆರಾ ಅವತ್ತೆಲ್ಲಿತ್ತು ನಿಮ್ದು? ಎಲ್ಲಿ ಹೋಗಿತ್ತು?"

ಯಾರಿಗೂ ಏನೂ ಅರ್ಥವಾಗಲಿಲ್ಲ, ಒಬ್ಬನನ್ನು ಬಿಟ್ಟು.

ಕ್ಯಾಮೆರಾ ಹಿಂದಿದ್ದ ಮಾಲವಿಕಾ ಮಾತ್ರ ಬೇರೇನನ್ನೋ ನೋಡುತ್ತಿದ್ದಳು. ಫೋಕಸ್ಸಿಗೆಂದು ಪ್ರತಿ ಟೇಕಿನಲ್ಲೂ ಕಾರು ನಿಂತ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗೀಟು ಹಾಕುತ್ತಿದ್ದವಳು ಅವಳು. ರಸ್ತೆಯ ಮೇಲೆ ಏಳು ಗೀಟುಗಳಿರಬೇಕಿತ್ತು. ಇದ್ದದ್ದು ಒಂದೇ ದಪ್ಪ ಗೀಟು.

"ಶ್ರೀಶ, ಇಲ್ಲಿ ನೋಡೋ! ಏಳು ಸಲಾನೂ ಒಂದೇ ಕಡೆ ನಿಲ್ಸಿದಾರೆ!" ಸೊಂಟದಲ್ಲಿದ್ದ ಅಳತೆಯ ಟೇಪು ಎಳೆದು ಸುತ್ತ ನೋಡಿದಳು. ಹತ್ತಿರದಲ್ಲಿ ಖಾಲಿ ನಿಂತಿದ್ದವನು ಸಾಕ್ಷಿ. "ಅಂಕಲ್, ಈ ತುದಿ ಹೆಲ್ಮೆಟ್‌ಗೆ ಹಿಡ್ಕೊಳ್ಳಿ. ಬಂಪರ್‌ವರೆಗೂ ಎಷ್ಟಿದೆ ಓದಿ."

ಯಲ್ಲಪ್ಪ ಮಂಡಿಯೂರಿದ. ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ಟೇಪಿನ ಮೇಲೆ ಬಾಗಿದ.

"ಎಷ್ಟು ಅಂಕಲ್?"

"ಒಂಬತ್ತು ಇಂಚು."

"ಇಂಚು ಗಿಂಚು ನಂಗ್ ಗೊತ್ತಾಗಲ್ಲ," ಬೈರಪ್ಪ ಅಲ್ಲಿಂದಲೇ ಗುಡುಗಿದ. "ನಮ್ ಮಾತಲ್ಲಿ ಹೇಳ್ಲಾ!"

ಯಲ್ಲಪ್ಪ ಟೇಪು ಬಿಟ್ಟು ಅಂಗೈ ಬಿಡಿಸಿದ. ಹೆಬ್ಬೆರಳು ಹೆಲ್ಮೆಟ್ಟಿಗೆ ಇಟ್ಟ, ಕಿರುಬೆರಳು ಚಾಚಿದ. ಅದು ಬಂಪರಿಗೆ ತಾಗಿತು.

"ಒಂದು ಗೇಣು," ಅಂದ. ಕೈ ತೆಗೆಯಲಿಲ್ಲ. "ಅವತ್ತು ನಾನು ಹಿಂದ್ಗಡೆ ಇದ್ದಿದ್ದು ನಿಜ ಕಣ್ಲಾ. ಆದ್ರೆ ಇಳಿದು ಬಂದು ನೋಡ್ಬೋದಿತ್ತು. ಗಾಜು ಒಡೀತಿದ್ರಲ್ಲ. ಟಿಕೆಟ್ ಬ್ಯಾಗ್ ತಬ್ಕೊಂಡು ಸೀಟ್ ಕೆಳಗೆ ಕೂತ್ಕೊಂಡೆ. ಅದನ್ನ ಸಾಹೇಬ್ರ ಮುಂದೆ ಹೆಂಗೆ ಹೇಳ್ಲಿ?"

"ಹಂಗೇ ಹೇಳ್ಬೇಕಿತ್ತು! ಹೆದರ್ಕೊಂಡಿದ್ದೆ ಅನ್ಬೇಕಿತ್ತು! ಬೈರಪ್ಪ ಗುದ್ದೋನಲ್ಲ ಅಂತ ಒಂದು ಮಾತು ಸೇರಿಸ್ಬೇಕಿತ್ತು! ಹನ್ನೊಂದು ವರ್ಷ ನನ್ ಬೆನ್ನು ನೋಡ್ಕೊಂಡು ಕೆಲಸ ಮಾಡಿದ್ಯಲ್ಲೋ, ಅಷ್ಟೂ ಗೊತ್ತಿರ್ಲಿಲ್ವೇನ್ಲಾ ನಿಂಗೆ?"

ಶ್ರೀಶ ಬಾಯಿ ತೆರೆದುಕೊಂಡು ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿದ. ಆಮೇಲೆ ಧಡಕ್ಕನೆ ಎದ್ದ. "ಮಗಾ ಯಶ್ವಂತ್, ಕೊಲೆಗಾರ ಬ್ರೇಕ್ ಹಾಕ್ತಾನೆ ಕಣೋ! ಹತ್ತಿಸೋಕೆ ಆಗಲ್ಲ ಅವನಿಗೆ! ಇದೇ ಕ್ಲೈಮ್ಯಾಕ್ಸ್!"

"ನಿನ್ ಕ್ಲೈಮ್ಯಾಕ್ಸ್ ತಗೊಂಡ್ ಹೋಗಿ ಕೆರೆಗೆ ಹಾಕು," ಅಂದ ಬೈರಪ್ಪ. ಆಮೇಲೆ ಮಾಲವಿಕಾ ಕಡೆ ತಿರುಗಿ, ದನಿ ಸ್ವಲ್ಪವೇ ತಗ್ಗಿಸಿ, "ಆ ಏಳೂ ಸಲದ್ದು ನನ್ ಫೋನಿಗೆ ಹಾಕ್ಕೊಡಮ್ಮ. ಒಂದೂ ಬಿಡ್ಬೇಡ. ಟೀ ಅಂಗಡೀಲಿ ಕೆಲಸ ಇದೆ," ಅಂದ.

ಹನ್ನೆರಡಕ್ಕೆ ಎಲ್ಲ ಕಟ್ಟಿಕೊಂಡರು. ಬೈರಪ್ಪ ಕಾರು ಸ್ಟಾರ್ಟ್ ಮಾಡಿದ. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಕರೆಯದೇ ಇದ್ದರೂ ಯಲ್ಲಪ್ಪ ಹತ್ತಿ ಕೂತಿದ್ದ. ಹಳೇ ಅಭ್ಯಾಸಕ್ಕೆ ಬಾಗಿಲ ಮೇಲೆ ಎರಡು ಸಲ ಬಡಿದು, "ರೈಟ್, ರೈಟ್" ಅಂದ.

ಕಾರು ಹೊರಡಲಿಲ್ಲ. ಬೈರಪ್ಪನ ಬಲಗಾಲು ಬ್ರೇಕಿನ ಮೇಲೇ ಇತ್ತು.

"ಹಿಂದೆ ಕೂತ್ರೆ ನಿಂಗೇನೂ ಕಾಣಲ್ಲ," ಅಂದ, ಕನ್ನಡಿಯಲ್ಲಿ ಅವನನ್ನು ದುರುಗುಟ್ಟಿ ನೋಡುತ್ತಾ. "ಎದ್ದು ಮುಂದೆ ಬಾ."