ಖಾಲಿ ತೊಟ್ಟಿಲು ತೂಗಿದವರು

ಮೊಮ್ಮಗಳ ವಿಷಯ ಶುರು ಮಾಡಿದರೆ ನನ್ನ ಬಾಯಿ ನಿಲ್ಲುವುದಿಲ್ಲ. ನಕ್ಕರೆ ಎಡಗೆನ್ನೆಯಲ್ಲಿ ಕುಳಿ ಬೀಳುತ್ತದೆ. ತಾರ್ನಾಕದ ನಮ್ಮ ಗಲ್ಲಿಗೆಲ್ಲ ತೋರಿಸಿಕೊಂಡು ಬಂದಿದ್ದೇನೆ. ಆದರೆ ಹೆತ್ತವಳೇ ಆ ಕೂಸನ್ನು ಎತ್ತಿಕೊಳ್ಳದ ದಿನಗಳಿದ್ದವು.

ನನ್ನ ಮಗಳು ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಸಿಸ್ಟರ್. ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ ಹೊಸದರಲ್ಲೇ ಅವಳ ಕೈಗೆ ಬಂದ ಒಂದು ಕೂಸು ಅಳಲೇ ಇಲ್ಲ. ಅವಳ ತಪ್ಪೇನೂ ಇಲ್ಲವೆಂದು ಡಾಕ್ಟರೇ ಹೇಳಿದರು. ಆದರೂ ಅಂದಿನಿಂದ ಹಾಲು ಕುಡಿಸುವಾಗ ಸಹ ಕೂಸನ್ನು ನಾನೇ ಹಿಡಿದಿರಬೇಕಿತ್ತು.

“ಯವ್ವಾ, ನನ್ನ ಕೈಯಾಗ ಕೊಡಬ್ಯಾಡ. ಅಂಜಿಕಿ ಬರತೈತಿ.”

ಸಿಸ್ಟರ್‌ಗಳ ಮನಸ್ಸಿನ ಭಾರ ಇಳಿಸಲು ಆ ಆಸ್ಪತ್ರೆಗೆ ಒಬ್ಬ ಮೇಡಂ ಬರುತ್ತಿದ್ದರು. ಎಲ್ಲರನ್ನೂ ಸುತ್ತ ಕೂರಿಸಿ, ಇಷ್ಟು ಕಷ್ಟದ ಕೆಲಸದಲ್ಲಿ ನಿಮ್ಮನ್ನು ಹಿಡಿದಿಟ್ಟಿರುವುದು ಏನು ಎಂದು ಮಾತಾಡಿಸುವುದು ಅವರ ರೀತಿ. ಮನೆಯವರೂ ಬರಬಹುದೆಂದಾಗ ಕೂಸನ್ನು ಎತ್ತಿಕೊಂಡು ನಾನೂ ಹೋದೆ.

ವರಾಂಡದ ಮೂಲೆಯಲ್ಲಿ ಒಂದು ಕಬ್ಬಿಣದ ತೊಟ್ಟಿಲು. ಒಳಗೆ ಬಟ್ಟೆಯೂ ಇಲ್ಲ. ಮಟಮಟ ಮಧ್ಯಾಹ್ನ, ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು. ತೊಟ್ಟಿಲು ಮಾತ್ರ ಕಿರ್ ಕಿರ್ ಎಂದು ತೂಗುತ್ತಿತ್ತು. ನನ್ನ ಹೆಗಲ ಮೇಲಿನ ಕೂಸು ಅತ್ತ ತಿರುಗಿ, ಗುರುತಿನ ಮುಖ ಕಂಡಂತೆ ನಕ್ಕಿತು. ಖಾಲಿ ತೊಟ್ಟಿಲು ತೂಗಬಾರದೆಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಕೈಯಿಟ್ಟು ನಿಲ್ಲಿಸಲು ನನಗೆ ಧೈರ್ಯ ಬರಲಿಲ್ಲ.

ಒಳಗೆ ಹೋದವಳೇ ಎಲ್ಲರ ಮುಂದೆ ಹೇಳಿಬಿಟ್ಟೆ. ಯಾರೂ ನಗಲಿಲ್ಲ. ಕೊನೆಗೆ ಬೀದರ್ ಕಡೆಯ ಹಿರಿಯ ಸಿಸ್ಟರ್ ನೆಲ ನೋಡುತ್ತ ಬಾಯಿಬಿಟ್ಟಳು.

“ಈಗ ಬರುವಾಗ ನಾನೇ ತೂಗಿ ಬಂದೀನ್ರಿ ಅಕ್ಕಾರ. ಆ ಅಳದ ಕೂಸಿನ ಸಲುವಾಗಿ. ಆದ್ರ ನಾ ಮುಟ್ಟದಿದ್ದಾಗೂ ಅದು ತೂಗತೈತಿ.”

“ಅದು ನಾನು,” ಎಂದಳು ಮತ್ತೊಬ್ಬಳು, ತೆಲುಗಿನಲ್ಲಿ. ಆಮೇಲೆ ಇನ್ನೊಬ್ಬಳು. ಎಲ್ಲರೂ ಕದ್ದು ತೂಗಿದ್ದರು; ಎಲ್ಲರೂ ಅದು ತಾನಾಗಿ ತೂಗುತ್ತದೆಂದು ಹೆದರಿ, ಬಾಯಿ ಮುಚ್ಚಿಕೊಂಡಿದ್ದರು.

ಮೇಡಂ ನನ್ನ ಮಗಳ ಕಡೆ ನೋಡಿದರು.

“ನಾನೂ ದಿನಾ ತೂಗತೀನ್ರಿ,” ಎಂದಳು ಅವಳು. “ನಾನೂ ಮರೆತ್ರ ಅದಕ್ಕ ಯಾರೂ ಇರೂದಿಲ್ಲ ಅನ್ಕೊಂಡಿದ್ದೆ.”

“ಇಷ್ಟು ಮಂದಿ ಅದೀವಲ್ಲ ತಂಗಿ,” ಎಂದಳು ಹಿರಿಯಳು. “ಡ್ಯೂಟಿ ಹಂಚಿಕೊಂಡು ತೂಗೂಣು. ನಿನ್ನ ಕೂಸಿಗೆ ನೀ ಒಬ್ಬಾಕೀನೇ ಅವ್ವ.”

ಆಗ ನಾವೆಲ್ಲ ಒಳಗೇ ಇದ್ದೆವು. ಗೋಡೆಯಾಚೆ ಕಿರ್ ಕಿರ್ ಇನ್ನೂ ನಿಂತಿರಲಿಲ್ಲ. ಎಲ್ಲರಿಗೂ ಕೇಳಿಸುತ್ತಿತ್ತು, ಯಾರೂ ಎದ್ದು ನೋಡಲಿಲ್ಲ.

ಎದ್ದವಳು ನನ್ನ ಮಗಳು. ನನ್ನ ತೋಳಿನಿಂದ ಕೂಸನ್ನು ತೆಗೆದುಕೊಂಡಳು. ಕೂಸು ಚೀರಿ ಅತ್ತಿತು. ನಾನು ಕೈ ಚಾಚಿದೆ.

“ಇರಲಿ ಬಿಡ ಬೇ. ನನ್ನ ಹತ್ರಾನೇ ಅಳಲಿ.”

ಮನೆಗೆ ಮರಳುವ ಬಸ್ಸಿನಲ್ಲಿ ನನಗೆ ಕೂಸು ಸಿಗಲೇ ಇಲ್ಲ. ಬರಿಗೈಯಲ್ಲಿ ಕೂತು, ಪಕ್ಕದ ಸೀಟಿನ ಗುರುತಿಲ್ಲದ ಹೆಂಗಸಿಗೆ, ಅವಳು ಕೇಳದಿದ್ದರೂ, ಅಗೋ ಅವಳು ನನ್ನ ಮಗಳು, ತೊಡೆಯ ಮೇಲಿರುವುದು ಅವಳ ಮಗಳು ಎಂದು ಹೇಳುತ್ತಲೇ ಇದ್ದೆ.